ಐವತ್ತೊಂಬತ್ತು ಪಾಯಿಂಟ್ ಏಳು ಒಂದು

೪ ಆಗಸ್ಟ್ ೨೦೦೮, ಸೋಮವಾರ

ದಿನಾ ಒಂದು ಪುಟ ಇಂಗ್ಲಿಷಲ್ಲಿ ಡೈರಿ ಬರೀರಿ, ಪ್ಲೇಸ್‌ಮೆಂಟ್ ಹೊತ್ತಿಗೆ ಭಾಷೆ ತಾನಾಗೇ ಬರುತ್ತೆ ಅಂತ ಸಾಫ್ಟ್ ಸ್ಕಿಲ್ಸ್ ಟ್ರೇನರ್ ಹೇಳಿದ್ರು. ಮೇಲೆ ಎರಡು ಸಾಲು ಬರೆದು ಗೀಚಿ ಹಾಕಿದೀನಲ್ಲ, ಅದೇ ಆ ಇಂಗ್ಲಿಷು. ಎದ್ದೆ, ಹಲ್ಲುಜ್ಜಿದೆ, ಬಸ್ ಹತ್ತಿದೆ ಅಂತ ಬರೆಯೋಕೆ ಡೈರಿ ಯಾಕೆ ಬೇಕು. ಹೊಟ್ಟೇಲಿ ಆಗ್ತಾ ಇರೋ ಸಂಕಟಕ್ಕೆ ನನ್ನ ಹತ್ರ ಇಂಗ್ಲಿಷ್ ಇಲ್ಲ. ಹೆಂಗೂ ಯಾರೂ ಓದಲ್ಲ, ಕನ್ನಡದಲ್ಲೇ ಬರೀತೀನಿ.

ಇವತ್ತು ಮಾನ ಹೋಯ್ತು. ಟೆಲಿಫೋನ್ ಇಂಟರ್‌ವ್ಯೂ ಪ್ರ್ಯಾಕ್ಟೀಸ್ ಅಂತ ಒಬ್ಬೊಬ್ಬರನ್ನೇ ಪ್ಲೇಸ್‌ಮೆಂಟ್ ಆಫೀಸಿಗೆ ಕರೆದು ಲ್ಯಾಂಡ್‌ಲೈನ್ ಮುಂದೆ ಕೂರಿಸಿದ್ರು. ಟ್ರೇನರ್ ಪಕ್ಕದ ರೂಮಿಂದ ಫೋನ್ ಮಾಡೋದು, ನಾವು ಉತ್ತರ ಕೊಡೋದು. ನನ್ನ ಸರದಿ ಬಂತು. ಹಲೋ ಅಂದೆ. ನಿನ್ನ ಬಗ್ಗೆ ಹೇಳು ಅಂತ ಇಂಗ್ಲಿಷಲ್ಲಿ ಕೇಳಿದ್ರು. ನಾನು ಫೋನ್ ಇಟ್ಟುಬಿಟ್ಟೆ. ಬೇಕು ಅಂತ ಇಟ್ಟಿದ್ದಲ್ಲ, ಕೈ ತಾನೇ ಇಟ್ಟುಬಿಡ್ತು. ಎದುರಿಗೆ ಪೇಪರ್ ಓದ್ತಾ ಕೂತಿದ್ದ ನಮ್ಮ ಪ್ಲೇಸ್‌ಮೆಂಟ್ ಆಫೀಸರ್ ಏಕಾಂತಯ್ಯ ಸರ್ ತಲೆ ಎತ್ತಿ, "ಲೈನ್ ಕಟ್ ಆಯ್ತೇನಮ್ಮಾ?" ಅಂದ್ರು. ಹೂಂ ಸರ್ ಅಂದೆ. ಆಯಪ್ಪನಿಗೆ ಗೊತ್ತು, ನನಗೂ ಗೊತ್ತು.

ನನ್ನ ಪಕ್ಕ ಕೂರೋ ವಚನಾ ಏಳು ನಿಮಿಷ ಮಾತಾಡಿದಳಂತೆ. ಬಸವೇಶ್ವರನಗರದೋಳು, ಎಲ್‌ಕೆಜಿಯಿಂದ ಇಂಗ್ಲಿಷು, ಎಪ್ಪತ್ತೆಂಟು ಪರ್ಸೆಂಟು. ಒಳ್ಳೆ ಹುಡುಗಿ, ಅದೇ ತೊಂದರೆ. ಕೆಟ್ಟೋಳಾಗಿದ್ದಿದ್ರೆ ಆರಾಮಾಗಿ ಹೊಟ್ಟೆ ಉರ್ಕೋಬಹುದಿತ್ತು.

೬ ಆಗಸ್ಟ್, ಬುಧವಾರ

ಇಪ್ಪತ್ತೊಂದಕ್ಕೆ ಕಂಪನಿ ಬರುತ್ತಂತೆ. ಹೆಸರು ಬರೆಯಲ್ಲ, ದೃಷ್ಟಿ ಆಗುತ್ತೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ, ಮೂರರಲ್ಲೂ ಅರವತ್ತು ಪರ್ಸೆಂಟ್ ಇರಬೇಕು. ಮೊದಲನೇ ಎರಡು ನನಗೆ ಧಾರಾಳವಾಗಿದೆ. ಬಿಇ ಆರು ಸೆಮ್ ಸೇರಿ ಐವತ್ತೊಂಬತ್ತು ಪಾಯಿಂಟ್ ಏಳು ಒಂದು. ಹದಿನೈದೇ ಹದಿನೈದು ಮಾರ್ಕ್ಸ್ ಕಮ್ಮಿ. ನಾಲ್ಕನೇ ಸೆಮ್‌ನಲ್ಲಿ ಟೈಫಾಯ್ಡ್ ಬಂದಾಗ ಮೈಕ್ರೋಪ್ರೊಸೆಸರ್ ಒಂದು ಸರಿಯಾಗಿ ಬರೆದಿದ್ರೆ ಸಾಕಿತ್ತು.

ಮಧ್ಯಾಹ್ನ ಫಾರಂ ಕೊಟ್ಟರು. ಪರ್ಸೆಂಟೇಜು, ಬ್ರಾಕೆಟ್ಟಲ್ಲಿ ಎರಡು ದಶಾಂಶದವರೆಗೆ ಅಂತ ಬರೆದಿತ್ತು. ನಾನು ೬೦ ಅಂತ ಬರೆದೆ. ಅರ್ಧಕ್ಕಿಂತ ಮೇಲಿದ್ದರೆ ಮುಂದಿನ ಅಂಕಿಗೆ ಏರಿಸಬೇಕು ಅಂತ ಹೈಸ್ಕೂಲಲ್ಲೇ ಹೇಳಿಕೊಟ್ಟಿದಾರೆ, ಸುಳ್ಳೇನಲ್ಲ. ಕೆಳಗೆ ಮೇಲಿನದೆಲ್ಲ ಸತ್ಯ ಅಂತ ಸಹಿ ಹಾಕೋ ಜಾಗ ಇತ್ತು. ಹಾಕಿದೆ.

ಅಷ್ಟರಲ್ಲಿ ಮುಂದಿನ ಬೆಂಚಿನ ಫಕೀರೇಶ ತಿರುಗಿದ. ನಾಗರಬಾವೀಲಿ ರೂಮ್ ಮಾಡ್ಕೊಂಡಿರೋ ಲಕ್ಷ್ಮೇಶ್ವರದ ಕಡೆಯೋನು, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸೋನು. "ಚೇತನಾ ಅವರ, ನಂದು ಐವತ್ತೊಂಬತ್ತು ಪಾಯಿಂಟ್ ಎಂಟು ಒಂದು ಆಗೇತ್ರಿ. ಹಂಗ ಪಾಯಿಂಟ್ ಸಮೇತ ಹಾಕ್ಲೇನ್ರಿ, ಏನ್ ಮಾಡ್ಲಿ?" ಅಂದ. ನಾನು ನನ್ನ ಫಾರಂ ಮೇಲೆ ಕೈ ಇಟ್ಟುಕೊಂಡು, "ಇದ್ದಿದ್ದನ್ನ ಹಾಕಿ" ಅಂದೆ.

ಸಂಜೆ ಬಸ್ಸು ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತಿತ್ತು. ತಲೆ ನೋವು.

೮ ಆಗಸ್ಟ್, ಶುಕ್ರವಾರ

ಲಿಸ್ಟ್ ಹಾಕಿದಾರೆ. ಎಂಬತ್ಮೂರು ಜನ. ನನ್ನ ಹೆಸರಿದೆ. ಮೂರು ಸಲ ನೋಡಿದೆ.

ಫಕೀರೇಶನದು ಇಲ್ಲ. ಅವನು ಮೇಲಿಂದ ಕೆಳಗೆ ಓದಿದ, ಆಮೇಲೆ ಕೆಳಗಿಂದ ಮೇಲಕ್ಕೆ ಓದಿದ. ನನ್ನ ಕಡೆ ತಿರುಗಿ, "ನಿಮ್ಮ ಹೆಸರ ಐತಲ್ರಿ, ಭಾಳ ಚಲೋ ಆತು" ಅಂದ. ಮುಖದಲ್ಲಿ ಏನೂ ಇರಲಿಲ್ಲ. ನನ್ನದು ಅರವತ್ತರ ಮೇಲಿದೆ ಅಂತಾನೇ ಅಂದ್ಕೊಂಡಿದಾನೆ.

೧೨ ಆಗಸ್ಟ್, ಮಂಗಳವಾರ

ಲೈಬ್ರರಿ ಮೆಟ್ಟಿಲ ಮೇಲೆ ಫಕೀರೇಶ ಎಂಟು ಜನಕ್ಕೆ ಸಿ ಪ್ರೋಗ್ರಾಮಿಂಗ್ ಹೇಳಿಕೊಡ್ತಾ ಇದಾನೆ. ಎಂಟೂ ಜನ ಲಿಸ್ಟಲ್ಲಿರೋರು, ಹೇಳಿಕೊಡೋನು ಮಾತ್ರ ಇಲ್ಲ. ವಚನಾ ನನ್ನನ್ನೂ ಎಳ್ಕೊಂಡು ಹೋದಳು. ನನಗೆ ಹೋಗೋ ಮನಸ್ಸಿರಲಿಲ್ಲ. ಆದರೆ ಪಾಯಿಂಟರ್ಸ್ ಅಂದ್ರೆ ನನಗೆ ಮೂರು ವರ್ಷದಿಂದ ಕತ್ತಲೆ.

"ಮನಿ ಬ್ಯಾರೆ, ಮನಿ ವಿಳಾಸ ಬರದ ಚೀಟಿ ಬ್ಯಾರೆ" ಅಂದ. "ಚೀಟಿ ಹರದ್ರ ಮನಿ ಬೀಳಂಗಿಲ್ಲ. ಆದ್ರ ಮನಿ ಕೆಡವಿದ ಮ್ಯಾಲೆ ಚೀಟಿ ಹಿಡಕೊಂಡು ಹೋದ್ರ ಅಲ್ಲೇನು ಸಿಗತೈತ್ರಿ? ಪ್ರೋಗ್ರಾಮ್ ಕ್ರ್ಯಾಶ್ ಆಗೂದು ಅಲ್ಲೇ." ಮೂರು ವರ್ಷದಲ್ಲಿ ಯಾವ ಲೆಕ್ಚರರ್ ಕೂಡ ಹೀಗೆ ಹೇಳಿರಲಿಲ್ಲ. ಮುಂದಿನ ಸಾಲಿನ ಇಬ್ಬರು ಅವನ ಭಾಷೆಗೆ ಕಿಸಿಕಿಸಿ ನಕ್ಕರು.

ನಮ್ಮನೇಲೂ ಇದೇ ಮಾತು. ಅಪ್ಪ ಅವ್ವ ಗದಗಿನ ಕಡೆಯಿಂದ ಬಂದು ರಾಜಾಜಿನಗರದಲ್ಲಿ ಇಪ್ಪತ್ತೈದು ವರ್ಷ ಆಯ್ತು. ಕಾಲೇಜಲ್ಲಿ ನಾನು ಮನೆ ಮಾತು ಆಡಲ್ಲ. ಫಸ್ಟ್ ಸೆಮ್‌ನಲ್ಲಿ ಒಂದ್ಸಲ ಬಾಯಿ ತಪ್ಪಿ "ಹೌದ್ರೀ" ಅಂದಿದ್ದಕ್ಕೆ ಇಡೀ ಕ್ಲಾಸು ಒಂದು ವಾರ ನನ್ನನ್ನು ಹೌದ್ರೀ ಅಂತ ಕರೆದಿತ್ತು. ಫಕೀರೇಶನಿಗೆ ನಾನು ಬೆಂಗಳೂರಿನೋಳು ಅಂತಲೇ ಗೊತ್ತಿರೋದು.

೧೬ ಆಗಸ್ಟ್, ಶನಿವಾರ

ಊಟ ಸೇರ್ತಾ ಇಲ್ಲ. ಅವ್ವ ಎರಡನೇ ರೊಟ್ಟಿ ಹಾಕೋಕೆ ಬಂದ್ರೆ ತಟ್ಟೆಗೆ ಕೈ ಅಡ್ಡ ಹಿಡೀತೀನಿ. "ಪರೀಕ್ಷಿ ಬರಿಯೂದು ನೀನೊಬ್ಬಾಕೀನ ಏನು, ಊರ ಮಂದಿ ಎಲ್ಲಾ ಬರೀತಾರ" ಅಂತ ಬೈತಾಳೆ. ಅವಳಿಗೇನು ಗೊತ್ತು.

ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ವರ್ಕ್‌ಶಾಪಲ್ಲಿ ಇನ್‌ಸ್ಪೆಕ್ಷನ್. ಲೇತಿಂದ ಬಂದ ಒಂದೊಂದು ಬಳೆ ಥರದ ಬುಷ್‌ಗೂ ಗೇಜ್ ತೂರಿಸಿ ನೋಡೋದು. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ. ಅವರ ಹೆಬ್ಬೆರಳು ಯಾವಾಗ ನೋಡಿದ್ರೂ ಕೆಂಪಗೇ ಇರುತ್ತೆ. ಇವತ್ತು ಊಟಕ್ಕೆ ಕೂತಾಗ ಮಾಲೀಕರ ಜೊತೆ ಆದ ಜಗಳ ಹೇಳ್ತಾ ಇದ್ದರು. ಎರಡು ಪಾಯಿಂಟ್ ಅಷ್ಟೇ ಅಲ್ವಾ ಮಡಿವಾಳಪ್ಪ, ಬಿಟ್ಟುಬಿಡಿ ಅಂದರಂತೆ. ಪಾಯಿಂಟ್ ಅಂದ್ರೆ ಅಪ್ಪನ ಲೆಕ್ಕದಲ್ಲಿ ನೂರರಲ್ಲೊಂದು ಪಾಲು. "ನಾ ಬಿಡಲಿಲ್ಲ. ಬೇಕಾದ್ರ ನನ್ನ ಬಿಡ್ರಿ ಅಂದೆ" ಅಂತ ಅಪ್ಪ ಮೊಸರು ಕಲಸಿಕೊಂಡರು. ಅವ್ವ ನಕ್ಕಳು. ನಾನು ತಟ್ಟೆ ಎತ್ಕೊಂಡು ಎದ್ದೆ.

೨೦ ಆಗಸ್ಟ್, ಬುಧವಾರ

ನಾಳೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತರಬೇಕೋ ಝೆರಾಕ್ಸ್ ಸಾಕೋ ಅಂತ ನೋಟಿಸಲ್ಲಿ ಇಲ್ಲ. ಯಾರನ್ನೂ ಕೇಳೋಕೆ ಧೈರ್ಯ ಇಲ್ಲ.

೨೨ ಆಗಸ್ಟ್, ಶುಕ್ರವಾರ

ಸಿಕ್ತು. ನನಗೆ ಕೆಲಸ ಸಿಕ್ತು.

ನಿನ್ನೆ ಬೆಳಿಗ್ಗೆ ರಿಟನ್ ಟೆಸ್ಟು, ಮೂವತ್ತೊಂದು ಜನ ಉಳಿದರು. ಆಮೇಲೆ ಟೆಕ್ನಿಕಲ್. ಕನ್ನಡಕದ ಒಬ್ಬರು ಡ್ಯಾಂಗ್ಲಿಂಗ್ ಪಾಯಿಂಟರ್ ಅಂದ್ರೇನು ಅಂತ ಕೇಳಿದರು. ನನಗೆ ಪುಸ್ತಕದ ವಾಕ್ಯ ಒಂದೂ ನೆನಪಾಗಲಿಲ್ಲ. ಮನೆ, ಚೀಟಿ, ಕೆಡವಿದ ಮನೆ ಅಂತ ತಡವರಿಸಿಕೊಂಡು ಮುರುಕು ಇಂಗ್ಲಿಷಲ್ಲಿ ಹೇಳಿದೆ. ಅವರು ಪೆನ್ ಕೆಳಗಿಟ್ಟು ನಕ್ಕರು, ಇದನ್ನ ನಾನೂ ಕದ್ಕೋತೀನಿ ಅಂದರು. ಮಾರ್ಕ್ಸ್ ಕಾರ್ಡ್ ಝೆರಾಕ್ಸು ತಗೊಂಡು ಫೈಲಲ್ಲಿ ಸೇರಿಸಿದರು, ಬಿಚ್ಚಿ ನೋಡಲಿಲ್ಲ. ಇವತ್ತು ಹದಿನಾಲ್ಕು ಜನರ ಹೆಸರು ಹಾಕಿದಾರೆ. ವಚನಾ ಇದಾಳೆ, ನಾನು ಹನ್ನೊಂದನೆಯೋಳು.

ಎಲ್ಲರಿಗಿಂತ ಜಾಸ್ತಿ ಖುಷಿ ಪಟ್ಟವನು ಫಕೀರೇಶ. "ಏನೇನ್ ಕೇಳಿದ್ರಿ ಅವರು?" ಅಂದ. ಹೇಳಿದೆ. "ಮನಿ ಚೀಟಿನ ಹೇಳಿದ್ರಿ?" ಅಂತ ನಂಬದೇ ಎರಡು ಸಲ ಕೇಳಿದ. ಕ್ಯಾಂಟೀನಿನಲ್ಲಿ ಇದ್ದೋರಿಗೆಲ್ಲ ಅದನ್ನೇ ಹೇಳ್ಕೊಂಡು ಬಂದ.

ಮನೇಲಿ ಅವ್ವ ಅತ್ತಳು. ಅಪ್ಪ ಕೆಂಪು ಹೆಬ್ಬೆರಳಿಂದಲೇ ನನ್ನ ತಲೆ ಮುಟ್ಟಿದರು. ಖುಷಿ ಆಗಬೇಕು. ಆಗಿದೆ ಅನ್ಸುತ್ತೆ. ನಿದ್ದೆ ಬಂದರೆ ಗೊತ್ತಾಗುತ್ತೆ.

೨೮ ಆಗಸ್ಟ್, ಗುರುವಾರ

ನಮ್ಮ ಕಾಲೇಜಲ್ಲಿ ಒಬ್ಬರಿಗೆ ಒಂದೇ ಕೆಲಸ. ಸಿಕ್ಕಿದೋರು ಬೇರೆ ಕಂಪನಿಗೆ ಕೂರೋ ಹಾಗಿಲ್ಲ, ಅದರ ಬದಲು ಪ್ಲೇಸ್‌ಮೆಂಟ್ ಆಫೀಸಲ್ಲಿ ವಾಲಂಟಿಯರ್ ಆಗಿ ದುಡೀಬೇಕು. ನನಗೆ ಫಾರಂಗಳನ್ನು ಕಂಪ್ಯೂಟರಿಗೆ ಹಾಕೋ ಕೆಲಸ.

ಇವತ್ತು ಹಳೇ ಶೀಟ್ ತೆಗೆದೆ. ಮೊದಲು ಎಂಬತ್ಮೂರೇ ಹೆಸರು ಕಂಡವು. ಮೂಲೇಲಿ ಅರವತ್ತರ ಕೆಳಗಿನೋರನ್ನ ಮರೆಮಾಡೋ ಫಿಲ್ಟರ್ ಅಂತ ಇತ್ತು, ಅದನ್ನ ತೆಗೆದ ಕೂಡಲೇ ನೂರಾ ಇಪ್ಪತ್ತೆಂಟು ಆಯ್ತು. ಅಲ್ಲಿ ಫಕೀರೇಶನ ಹೆಸರಿನ ಮುಂದೆ 59.81. ನನ್ನ ಹೆಸರಿನ ಮುಂದೆ 60.00. ಸೊನ್ನೆ ಎರಡೂ ನಾನು ಬರೆದಿದ್ದಲ್ಲ, ಕಂಪ್ಯೂಟರ್ ಹಾಕಿದ್ದು. ನೋಡೋಕೆ ಎಷ್ಟು ಗಟ್ಟಿಯಾಗಿದೆ.

ಅವನು ನನಗಿಂತ ಐದು ಮಾರ್ಕ್ಸ್ ಜಾಸ್ತಿ ತೆಗೆದಿದಾನೆ. ಮತ್ತೆ ಫಿಲ್ಟರ್ ಹಾಕಿ ಮುಚ್ಚಿದೆ.

೩ ಸೆಪ್ಟೆಂಬರ್, ಬುಧವಾರ, ಗಣೇಶನ ಹಬ್ಬ

ಆಫರ್ ಲೆಟರಿನ ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ಕೊಟ್ಟ ಮಾಹಿತಿ ಸುಳ್ಳು ಅಂತ ಯಾವಾಗ ಗೊತ್ತಾದರೂ ತೆಗೆದುಹಾಕ್ತೀವಿ ಅಂತ. ಯಾವಾಗ ಆದರೂ. ಎರಡು ವರ್ಷ ಆದಮೇಲೂ ಆಗಬಹುದು. ಕಡಬು ಬಾಯಿಗೆ ಹೋಗಲಿಲ್ಲ.

ಅವ್ವ ಪಕ್ಕದ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗ ಅಪ್ಪನಿಗೆ ಹೇಳಿಬಿಟ್ಟೆ. ಬೈತಾರೆ, ಬೈಲಿ, ಬೈದರೆ ಒಂದು ದಾರಿ ಆಗುತ್ತೆ ಅಂದ್ಕೊಂಡಿದ್ದೆ. ಅವರು ಬಾಗಿಲ ಕಡೆ ಒಂದ್ಸಲ ನೋಡಿ ದನಿ ತಗ್ಗಿಸಿ, "ಬಿಡವಾ. ಇಪ್ಪತ್ತೊಂಬತ್ತು ಪಾಯಿಂಟ್ ಯಾರು ನೋಡ್ತಾರ. ಯಾರ ಮುಂದೂ ಅನ್ನಬ್ಯಾಡ" ಅಂದರು.

ಎರಡು ಪಾಯಿಂಟಿಗೆ ಮಾಲೀಕರ ಹತ್ರ ಜಗಳ ಆಡೋ ಮನುಷ್ಯ. ನನಗೆ ಅಳು ಬಂತು. ಸಮಾಧಾನ ಆಗಿ ಅಳ್ತಾ ಇದಾಳೆ ಅಂದ್ಕೊಂಡು ಬೆನ್ನು ತಟ್ಟಿದರು. ಆಮೇಲೆ ತುಂಬಾ ಹೊತ್ತು ಟಿವಿ ನೋಡಿದರು, ಸೌಂಡ್ ಇಲ್ಲದೆ.

೧೭ ಸೆಪ್ಟೆಂಬರ್, ಬುಧವಾರ

ಅಮೆರಿಕಾದಲ್ಲಿ ದೊಡ್ಡ ಬ್ಯಾಂಕ್ ಮುಳುಗಿದೆಯಂತೆ, ಎರಡು ದಿನದಿಂದ ಪೇಪರ್ ತುಂಬಾ ಅದೇ. ಇವತ್ತೊಂದೇ ದಿನ ಮೂರು ಕಂಪನಿಯೋರು ಫೋನ್ ಮಾಡಿ ಸದ್ಯಕ್ಕೆ ಬರಲ್ಲ ಅಂದರು. ಏಕಾಂತಯ್ಯ ಸರ್ ಗೋಡೆ ಮೇಲಿನ ಚಾರ್ಟಿನಲ್ಲಿ ಒಂದೊಂದೇ ಹೆಸರಿಗೆ ಅಡ್ಡಗೆರೆ ಎಳೆದರು. "ನೀವು ಹದಿನಾಲ್ಕು ಜನ ಬಚಾವ್ ಕಣಮ್ಮ" ಅಂದರು. ಫಕೀರೇಶ ಹೊರಗಡೆ ನಿಂತು ಕಿಟಕಿಯಿಂದ ಚಾರ್ಟ್ ನೋಡ್ತಾ ಇದ್ದ.

೧೯ ಸೆಪ್ಟೆಂಬರ್, ಶುಕ್ರವಾರ

ನಮ್ಮ ಕಂಪನಿ ಮತ್ತೆ ಬರುತ್ತಂತೆ. ಬೇರೆ ಕಾಲೇಜಲ್ಲಿ ಆರು ಜನ ಬಿಟ್ಟು ಹೋಗಿದಾರೆ, ಆ ಆರು ಸೀಟು ನಮಗೆ. ಇಪ್ಪತ್ತೇಳಕ್ಕೆ ಡ್ರೈವ್. "ಈ ವರ್ಷಕ್ಕೆ ಇದೇ ಕೊನೇದು ಅಂತ ಇಟ್ಕೊಳ್ಳಿ. ಹಳೇ ಲಿಸ್ಟಲ್ಲಿ ಉಳಿದೋರನ್ನ ಕಳಿಸಿ" ಅಂದರು ಸರ್. ಹಳೇ ಲಿಸ್ಟು ಅಂದ್ರೆ ಅದೇ ಫಿಲ್ಟರು.

ಎಲ್ಲರೂ ಹೋಗೋವರೆಗೂ ಕಾದು, "ಸರ್, ನಂದು ಐವತ್ತೊಂಬತ್ತು ಪಾಯಿಂಟ್ ಏಳು ಒಂದು. ಅರವತ್ತು ಅಂತ ಬರೆದಿದ್ದೆ" ಅಂದೆ. ಸರ್ ಕನ್ನಡಕ ತೆಗೆದರು, ಒರೆಸಿದರು, ಹಾಕ್ಕೊಂಡರು.

"ನಾನು ಕೇಳಿಸ್ಕೊಂಡಿಲ್ಲ" ಅಂದರು.

"ಅರ್ಧದ ಮೇಲಿದ್ರೆ ಅರವತ್ತು ಅಂತ ಅವರು ಒಪ್ಕೋತಾರಾ ಸರ್?"

"ಯಾರು ಕೇಳಿದಾರೆ ಇಲ್ಲಿವರೆಗೂ?"

"ಕೇಳಿದ್ರೆ?"

"ಕೇಳಿದ್ರೆ ಇಲ್ಲ ಅಂತಾರೆ. ಅದಕ್ಕೇ ಯಾರೂ ಕೇಳಲ್ಲ. ಹೋಗಮ್ಮ, ಬಸ್ ಹೋಗ್ಬಿಡುತ್ತೆ."

ಅವರ ಮೇಲೆ ಸಿಟ್ಟು ಬರಲಿಲ್ಲ. ನಾನೂ ಇಷ್ಟು ದಿನ ಅದನ್ನೇ ಮಾಡಿದ್ದು. ಫಕೀರೇಶನಿಗೋಸ್ಕರ ಕೇಳೋದು ಅಂದ್ರೆ ನನಗೂ ಕೇಳಿದ ಹಾಗೇ. ಇಲ್ಲ ಅಂದರೆ ಇಬ್ಬರದೂ ಹೋಗುತ್ತೆ. ಅವನದು ಹೆಂಗೂ ಹೋಗಿದೆ, ಹೋಗೋದು ನಂದು ಮಾತ್ರ.

೨೦ ಸೆಪ್ಟೆಂಬರ್, ಶನಿವಾರ

ನಾಗರಬಾವಿಗೆ ಹೋಗಿದ್ದೆ. ವಿಜಯನಗರದಲ್ಲಿ ಬಸ್ ಬದಲಾಯಿಸುವಾಗ ಎರಡು ಬಸ್ ಬಿಟ್ಟೆ, ವಾಪಸ್ ಹೋಗೋಣ ಅಂತ. ಮೂರನೇದಕ್ಕೆ ಹತ್ತಿದೆ.

ಅವನ ರೂಮಿನ ಕೆಳಗಿರೋ ಟೀ ಅಂಗಡಿ ಮುಂದೆ ನಿಂತು ಹೇಳಿದೆ, ಸ್ಕೂಲಲ್ಲಿ ಬಾಯಿಪಾಠ ಒಪ್ಪಿಸೋ ಹಾಗೆ ಒಂದೇ ಉಸಿರಲ್ಲಿ. ಫಕೀರೇಶ ಟೀ ಲೋಟ ಕೈಯಲ್ಲೇ ಹಿಡ್ಕೊಂಡಿದ್ದ. ಕುಡಿಯಲಿಲ್ಲ.

"ಅವತ್ತ ನಾ ಕೇಳಿದ್ನಲ್ರಿ ನಿಮ್ಮನ್ನ" ಅಂದ.

"ಹೂಂ."

"ಇದ್ದದ್ದ ಹಾಕ್ರಿ ಅಂದ್ರಿ."

"ಹೂಂ. ನಂದು ನಿಮಗೆ ಗೊತ್ತಾಗಬಾರದು ಅಂತ ಹಂಗಂದೆ."

ಅದನ್ನ ಹೇಳೋವರೆಗೂ ನನಗೇ ಪೂರ್ತಿ ಗೊತ್ತಿರಲಿಲ್ಲ ಅನ್ಸುತ್ತೆ. ಅಥವಾ ಗೊತ್ತಿತ್ತು. ಅವನು ಬೈಯಲಿ ಅಂತ ಕಾಯ್ತಾ ಇದ್ದೆ. ಕೊನೆಗೆ, "ನೀವು ಹೇಳಿದ್ದರೂ ನಾ ಅರವತ್ತ ಅಂತ ಬರೀತಿದ್ದಿಲ್ಲ ಬಿಡ್ರಿ. ಬರೀತಿದ್ನೋ ಏನೋ. ಈಗ ಹೆಂಗ ಹೇಳೂದು" ಅಂದ. ಕಂಪನಿಗೆ ಕೇಳ್ತೀನಿ ಅಂದೆ. "ಬ್ಯಾಡ್ರಿ, ನಿಮ್ದೂ ಹೋಗತೈತಿ" ಅಂದ. ಆಮೇಲೆ ಟೀ ಚೆಲ್ಲಿ, ನಾನು ಇನ್ನೂ ಅಲ್ಲೇ ನಿಂತಿರುವಾಗಲೇ ಒಳಗೆ ಹೋದ. ಅವನು ಯಾರಿಗೂ ಬೆನ್ನು ತಿರುಗಿಸಿ ಹೋಗಿದ್ದನ್ನ ನಾನು ನೋಡಿರಲಿಲ್ಲ.

೨೨ ಸೆಪ್ಟೆಂಬರ್, ಸೋಮವಾರ

ಬೆಳಿಗ್ಗೆ ಹನ್ನೊಂದಕ್ಕೆ ಸರ್ ಹತ್ರ ಹೋಗಿ, ನಾನೇ ಕಂಪನಿಗೆ ಫೋನ್ ಮಾಡ್ತೀನಿ ಅಂದೆ. ಸರ್ ಲ್ಯಾಂಡ್‌ಲೈನ್ ನನ್ನ ಕಡೆ ತಳ್ಳಿ, ನಂಬರ್ ಇರೋ ಡೈರಿ ತೆಗೆದಿಟ್ಟು, "ನಾನು ಊಟಕ್ಕೆ ಹೋಗಿದೀನಿ" ಅಂದರು. ಹನ್ನೊಂದು ಗಂಟೆಗೆ.

ಎಚ್‌ಆರ್ ಮೇಡಮ್ ಎತ್ತಿದರು. ನನ್ನ ಹೆಸರು ಇದು, ನೀವು ಆರಿಸಿರೋ ಹದಿನಾಲ್ಕರಲ್ಲಿ ಹನ್ನೊಂದನೆಯೋಳು ಅಂತ ಶುರು ಮಾಡಿದೆ. ನನ್ನ ಪರ್ಸೆಂಟು ಇಷ್ಟು, ಅರವತ್ತು ಅಂತ ಬರೆದೆ. ನನಗಿಂತ ಜಾಸ್ತಿ ಇರೋ ಒಬ್ಬರು ಇದ್ದಿದ್ದನ್ನೇ ಬರೆದು ಹೊರಗೆ ಉಳಿದಿದಾರೆ. ಅರ್ಧದ ಮೇಲಿರೋದನ್ನ ಅರವತ್ತು ಅಂತ ತಗೊಳೋದಾದ್ರೆ ಅವರಿಗೂ ತಗೊಳ್ಳಿ, ಇಲ್ಲ ಅಂದರೆ ನನಗೂ ಬೇಡ ಅಂದೆ. ಅವರು ನಡುವೆ ಏನೇನೋ ಕೇಳಿದರು, ಅವನ ಹೆಸರು, ಸ್ಪೆಲ್ಲಿಂಗು, ಇಂಥೋರು ಇನ್ನೆಷ್ಟು ಜನ ಇದಾರೆ ಅಂತ. ಹೇಳಿದೆ. ಕೇಳಿ ತಿಳಿಸ್ತೀವಿ ಅಂದರು.

ಸರ್ ಬಾಗಿಲಲ್ಲಿ ತಲೆ ಹಾಕಿ, "ಲೈನ್ ಕಟ್ ಆಯ್ತೇನಮ್ಮಾ?" ಅಂದರು.

"ಇಲ್ಲ ಸರ್. ಮಾತಾಡಿ ಮುಗೀತು."

ಬಂದು ಸೆಮಿನಾರ್ ಹಾಲಿನ ಹಿಂದಿನ ಬೆಂಚಲ್ಲಿ ಕೂತೆ. ವಚನಾಗೆ ಹೇಳಿದ್ದಕ್ಕೆ, "ಹುಚ್ಚು ಹಿಡಿದಿದೆಯೇನೇ ನಿಂಗೆ? ಕೈಗೆ ಬಂದಿದ್ದನ್ನ ಯಾರಾದ್ರೂ ಹಿಂಗೆ ಮಾಡ್ಕೋತಾರಾ?" ಅಂದು ಅವಳೇ ಅತ್ತಳು.

೨೩ ಸೆಪ್ಟೆಂಬರ್, ಮಂಗಳವಾರ

ಫೋನ್ ಬಂದಿಲ್ಲ.

೨೪ ಸೆಪ್ಟೆಂಬರ್, ಬುಧವಾರ

ಬಂತು. ಐವತ್ತೊಂಬತ್ತೂವರೆ ಮತ್ತು ಮೇಲಿರೋರೆಲ್ಲ ಕೂರಬಹುದು. ಎರಡು ನಿಮಿಷದ ವಿಷಯ, ಕೇಳಿದ್ದರೆ ಆಗಸ್ಟಲ್ಲೇ ಹೇಳ್ತಿದ್ವಿ ಅಂದರಂತೆ ಮೇಡಮ್. ಫಿಲ್ಟರ್ ಬದಲಾಯಿಸಿದೆ, ಹೊಸದಾಗಿ ನಾಲ್ಕು ಹೆಸರು ಬಂದವು. ಫಕೀರೇಶನದು ಮೇಲಿಂದ ಎರಡನೇದು.

ನನ್ನ ಆಫರ್ ರದ್ದು. ಪರ್ಸೆಂಟು ಕಮ್ಮಿ ಅಂತ ಅಲ್ಲ, ಸಹಿ ಹಾಕಿ ತಪ್ಪು ಬರೆದಿದ್ದಕ್ಕೆ. ಬೇಕಿದ್ದರೆ ಶನಿವಾರ ಉಳಿದೋರ ಜೊತೆ ಮತ್ತೆ ಕೂರಬಹುದಂತೆ. ಏಕಾಂತಯ್ಯ ಸರ್ ಇದನ್ನ ಹೇಳುವಾಗ ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸ್ತಾ ಇದ್ದರು.

ಮನೆಗೆ ಹೋಗಿ ಹೇಳಿದೆ. ಅವ್ವ ಏನು ಎತ್ತ ಅಂತ ಅರ್ಥ ಆಗೋ ಮೊದಲೇ ಅಳೋಕೆ ಶುರು ಮಾಡಿದಳು. ಅಪ್ಪ ನನ್ನ ಹತ್ರ ಬಂದು, "ನಾ ಅವತ್ತ ಹಂಗ ಅನ್ನಬಾರದಿತ್ತು" ಅಂದರು. ಮತ್ತೆ, "ಆ ಹುಡುಗಂದು ಏನಾತು?" ಅಂದರು. ಅವನು ಕೂರ್ತಾನೆ ಅಂದೆ.

ಹಸಿವಾಗಿತ್ತು. ಮೂರು ರೊಟ್ಟಿ ತಿಂದೆ.

೨೭ ಸೆಪ್ಟೆಂಬರ್, ಶನಿವಾರ

ಸೆಮಿನಾರ್ ಹಾಲಲ್ಲಿ ಎಪ್ಪತ್ನಾಲ್ಕು ಜನ, ಆರು ಸೀಟು. ಫಾರಂ ಕೊಟ್ಟರು. ಫಕೀರೇಶ ಬಂದು ನನ್ನ ಪಕ್ಕದ ಕುರ್ಚೀಲೇ ಕೂತ. ಅವತ್ತಿನಿಂದ ನಾವು ಮಾತಾಡಿರಲಿಲ್ಲ. ಯಾರದೋ ಶೂ ಹಾಕ್ಕೊಂಡಿದ್ದ, ದೊಡ್ಡದಾಗಿತ್ತು. ಪರ್ಸೆಂಟಿನ ಸಾಲಿಗೆ ಬಂದಾಗ ಪೆನ್ ನಿಲ್ಲಿಸಿ, "ನೀವು ಎಷ್ಟ ಹಾಕಿದ್ರಿ?" ಅಂದ.

ಫಾರಂನ ಅವನ ಕಡೆ ಸರಿಸಿದೆ. ಓದಿದ. ತಲೆ ಆಡಿಸಿ ತನ್ನದನ್ನ ಬರೆದ, ಚುಕ್ಕೆಯನ್ನ ಒತ್ತಿ ಇಟ್ಟ.

ಟೆಸ್ಟ್ ಇಬ್ಬರದೂ ಪಾಸ್ ಆಯ್ತು. ಟೆಕ್ನಿಕಲ್ಲಲ್ಲಿ ಅದೇ ಕನ್ನಡಕದೋರು. ನನ್ನನ್ನ ಗುರುತು ಹಿಡಿದರು, ಆದರೆ ಪಾಯಿಂಟರ್ ಕೇಳಲಿಲ್ಲ. ಡೇಟಾಬೇಸ್ ಕೇಳಿದರು. ನಾರ್ಮಲೈಸೇಶನ್‌ನಲ್ಲಿ ಸಿಕ್ಕಿಹಾಕ್ಕೊಂಡೆ, ಗೊತ್ತಿಲ್ಲ ಸರ್ ಅಂದೆ. ಫಕೀರೇಶ ಒಳಗೆ ಹೋಗಿ ನಲವತ್ತು ನಿಮಿಷ ಆದರೂ ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಒಂದೇ ಭಯ. ಅವನ ಇಂಗ್ಲಿಷಿಗೆ ನಕ್ಕುಬಿಟ್ಟರೆ ಅಂತ. ಬಾಗಿಲ ಸಂದಿಯಿಂದ ಒಳಗಿನ ನಗು ಕೇಳಿಸ್ತು, ಆಮೇಲೆ ಅವನ ನಗುವೂ ಕೇಳಿಸ್ತು.

ಸಂಜೆ ಆರಕ್ಕೆ ಆರು ಹೆಸರು ಓದಿದರು. ಎರಡನೇದು ಫಕೀರೇಶ. ಆರೂ ಮುಗೀತು, ನಂದು ಬರಲಿಲ್ಲ. ಅವನು ಎದ್ದು ನಿಂತೋನು ನನ್ನ ನೋಡಿ ಮತ್ತೆ ಕೂತುಬಿಟ್ಟ. ಏಳಿ, ಕರೀತಾ ಇದಾರೆ ಅಂತ ನಾನೇ ಎಬ್ಬಿಸಬೇಕಾಯ್ತು.

ಬಸ್‌ಸ್ಟಾಪಲ್ಲಿ ನಿಂತು ಅತ್ತೆ. ಬೇಜಾರಾಗಿದೆ. ತುಂಬಾ ಬೇಜಾರಾಗಿದೆ. ಅದನ್ನ ಬರೆಯದೇ ಇದ್ದರೆ ಈ ಡೈರಿ ಯಾಕೆ.

೬ ಅಕ್ಟೋಬರ್, ಸೋಮವಾರ

ಎಂಟು ದಿನ ಬರೆದಿಲ್ಲ. ಬರೆಯೋ ಅಂಥದ್ದೇನೂ ಇರಲಿಲ್ಲ. ಶುಕ್ರವಾರ ಸಂಜೆ ಬಸ್ಸಲ್ಲಿ ನಿದ್ದೆ ಹೋಗಿ, ಎಚ್ಚರ ಆದಾಗ ನಮ್ಮ ಸ್ಟಾಪ್ ದಾಟಿ ನಾಲ್ಕು ಸ್ಟಾಪ್ ಆಗಿತ್ತು. ಅವ್ವನಿಗೆ ಗಾಬರಿ.

ವಿಜಯನಗರದಲ್ಲಿ ಆಫೀಸ್ ಇರೋ ಒಂದು ಸಣ್ಣ ಕಂಪನಿ ಇಬ್ಬರನ್ನ ತಗೋತಾರಂತೆ. ಐವತ್ತೈದು ಇದ್ದರೆ ಸಾಕು. ನೂರಕ್ಕೂ ಹೆಚ್ಚು ಜನ ಫಾರಂ ಕೊಟ್ಟಿದಾರೆ. ಸಿಗುತ್ತಾ, ಗೊತ್ತಿಲ್ಲ.

ಫಾರಂ ಕೊಡೋಕೆ ಪ್ಲೇಸ್‌ಮೆಂಟ್ ಆಫೀಸಿಗೆ ಹೋದೆ. ಪ್ಲೇಸ್ ಆದೋರೇ ವಾಲಂಟಿಯರ್ ಅಲ್ವಾ, ನಾನು ಕೂರ್ತಿದ್ದ ಕುರ್ಚೀಲಿ ಫಕೀರೇಶ ಕೂತಿದ್ದ. ಎರಡೇ ಬೆರಳಲ್ಲಿ ನಿಧಾನಕ್ಕೆ ಟೈಪ್ ಮಾಡ್ತಾನೆ. ಹಿಂದೆ ಕ್ಯೂನಲ್ಲಿ ಇಪ್ಪತ್ತು ಜನ ನಿಂತಿದ್ದರು. ನನ್ನ ಫಾರಂ ತಗೊಂಡು ಹೆಸರು ಹೊಡೆದ, ನಂಬರ್ ಹೊಡೆದ, ಪರ್ಸೆಂಟಿಗೆ ಬಂದು ಗಟ್ಟಿಯಾಗಿ ಓದಿದ.

"ಐವತ್ತೊಂಬತ್ತು ಪಾಯಿಂಟ್ ಏಳು ಒಂದು. ಕರೆಕ್ಟ್ ಐತೇನ್ರಿ?"

"ಹೌದ್ರೀ," ಅಂದೆ, "ಕರೆಕ್ಟ್ ಐತಿ."